ಹಿಕ್ಕೆ ಹಾಕದ ಮರಿ

ಊರೂರು ಅಲೆದು ಮೇಯುವ ಕುರಿಮಂದೆಯೊಂದು ಕೆರೆಗೆ ಬಂದಾಗ, ನೀರಿಗಿಳಿಯುವ ದಾರಿಗೆ ಊರಿನ ಎತ್ತು ಅಡ್ಡ ನಿಂತಿತು.

"ವರ್ಷಕ್ಕೊಮ್ಮೆ ಬರುವ ನೆಂಟರೇ, ಈ ನೀರು ಈ ಊರವರದು. ಇಲ್ಲಿ ಉತ್ತು ದುಡಿದವರಿಗೆ ಮಾತ್ರ," ಎಂದಿತು.

"ಹೋದ ವರ್ಷ ಕೆಳಗಿನ ಹೊಲದಲ್ಲಿ ಹತ್ತು ದಿನ ನಮ್ಮ ಮಂದೆ ತಂಗಿತ್ತು, ಎತ್ತಪ್ಪ. ಅಲ್ಲಿನ ಜೋಳ ನೋಡು," ಎಂದಿತು ತಾಯಿಕುರಿ.

"ಜೋಳ ಬೆಳೆಸಿದ್ದು ನನ್ನ ಹೆಗಲು!"

ಕೆರೆಯಂಚಿನ ಹಸಿ ಮಣ್ಣಿನಿಂದ ಎರೆಹುಳು ತಲೆ ಎತ್ತಿತು. "ವಾದ ಬೇಡ, ನಾನು ಅಳೆದಿದ್ದೇನೆ. ಮೇಲಿನ ಹೊಲ, ಕೆಳಗಿನ ಹೊಲ ಎರಡೂ ಒಂದೇ ಮಣ್ಣು. ಎರಡನ್ನೂ ಉತ್ತವನು ನೀನೇ. ಮಂದೆ ತಂಗಿದ್ದು ಕೆಳಗಿನದರಲ್ಲಿ ಮಾತ್ರ. ಅಲ್ಲಿನ ತೆನೆ ಒಂದೂವರೆ ಪಟ್ಟು ಉದ್ದವಿದೆ."

ಎತ್ತು ಎರಡೂ ಹೊಲಗಳತ್ತ ತಿರುಗಿ ನೋಡಿತು. "ಹಾಗಾದರೆ ಗೊಬ್ಬರ ಕೊಟ್ಟವರು ಕುಡಿಯಲಿ," ಎಂದಿತು.

ತಾಯಿಕುರಿ ಕದಲಲಿಲ್ಲ. "ಸರಿಯಾಗಿ ಅಳೆದ ಎರೆಹುಳುವಿಗೆ ನಮಸ್ಕಾರ. ಆದರೆ ಈ ನನ್ನ ಮರಿ ನಿಮ್ಮ ಊರಿಗೆ ಬಂದದ್ದು ಇವತ್ತೇ ಮೊದಲು. ನಿಮ್ಮ ಹೊಲಕ್ಕೆ ಈವರೆಗೆ ಒಂದು ಹಿಕ್ಕೆಯನ್ನೂ ಹಾಕಿಲ್ಲ. ಇದಕ್ಕೂ ಬಾಯಾರಿದೆ. ಇದಕ್ಕಿಲ್ಲದ ನೀರು ನಮಗೂ ಬೇಡ."

"ಬಾಯಾರಿಕೆಯನ್ನು ನಾನು ಅಳೆದಿಲ್ಲ," ಎಂದಿತು ಎರೆಹುಳು. "ಅದಕ್ಕೆ ಅಳತೆ ಬೇಕಿಲ್ಲ."

ಎತ್ತು ಮರಿಯ ಒಣಗಿದ ಮೂತಿ ನೋಡಿ ಪಕ್ಕಕ್ಕೆ ಸರಿಯಿತು. ಮರಿ ಓಡಲು ಕಾಲೆತ್ತಿತು.

"ಓಡಬೇಡ ಮಗಾ," ಎಂದಿತು ತಾಯಿ. "ತಲೆ ಎತ್ತಿ ನಡೆದು ಹೋಗು."