ಊದಿದಷ್ಟೂ ಕೂರುವ ಹಾಳೆ

ಹೊಳೆಯ ದಡದಲ್ಲಿ, ವಿಮಾನಗಳು ಮರೆತುಬಿಟ್ಟ ಒಂದು ರನ್‌ವೇ ಮೇಲೆ, ಗುರು ಮಾಚಯ್ಯನವರು ರೇಸ್ ಕಾರು ಓಡಿಸುವ ವಿದ್ಯೆ ಕಲಿಸುತ್ತಿದ್ದರು.

ಅವರ ಶಿಷ್ಯೆ ಮುಕ್ತಾಳಿಗೆ ಅಂದು ಕಡೆಯ ಅವಕಾಶ. ಸಂಜೆಯೊಳಗೆ ದೊಡ್ಡ ತಿರುವನ್ನು ನೆಟ್ಟಗೆ ದಾಟಿದರೆ ನಾಳೆಯ ಪಂದ್ಯದಲ್ಲಿ ಕಾರು ಅವಳದು. ಇಲ್ಲವಾದರೆ ಬೇರೊಬ್ಬರದು.

ಕಾರೋ, ಬೆಳಗಿನಿಂದ ಆ ತಿರುವಿಗೆ ಬಂದಾಗಲೆಲ್ಲ ಬುಗುರಿಯಂತೆ ಗಿರಕಿ ಹೊಡೆದು ಹುಲ್ಲಿಗಿಳಿಯುತ್ತಿತ್ತು.

“ಗುರುಗಳೇ, ಟೈರು ಸವೆದುಹೋಗಿವೆ. ನೆಲವನ್ನೇ ಹಿಡಿಯುತ್ತಿಲ್ಲ.”

“ನಿನ್ನೆ ಹಾಕಿದ ಟೈರು ಮಾರಾಯ್ತಿ. ಸವೆದದ್ದು ಹುಲ್ಲು.”

ಮುಕ್ತಾಳಿಗೆ ನಗು ಬಂತು, ಸಿಟ್ಟೂ ಬಂತು. “ಮತ್ತೆ ಯಾಕೆ ಜಾರುತ್ತೆ?”

“ತಿರುವಿನ ನಡುವೆ ನಿನ್ನ ಬಲಗಾಲು ಏನು ಮಾಡುತ್ತೆ?”

“ಆಕ್ಸಿಲರೇಟರ್ ಬಿಟ್ಟು ಮೇಲೇಳುತ್ತೆ. ಜಾರುತ್ತಿದೆ ಅನ್ನಿಸಿದಾಗ ಯಾರಾದರೂ ಇನ್ನೂ ಒತ್ತುತ್ತಾರಾ?”

ಗುರುಗಳು ಅವಳನ್ನು ಪಕ್ಕದ ಶೆಡ್ಡಿನೊಳಗೆ ಕರೆದೊಯ್ದರು. ಗೋಡೆಯ ಕ್ಯಾಲೆಂಡರಿನಿಂದ ಹಳೆಯ ಹಾಳೆಯೊಂದನ್ನು ಕಿತ್ತು, ಎರಡು ಅಂಚು ಮಡಚಿ, ಪುಟ್ಟ ಸೇತುವೆಯಂತೆ ಮೇಜಿನ ಮೇಲೆ ನಿಲ್ಲಿಸಿದರು.

“ಇದರಡಿ ಊದಿ ಹಾರಿಸು, ನೋಡೋಣ.”

“ಇದೇನು ಮಹಾ!”

ಅವಳು ಊದಿದಳು. ಹಾಳೆ ಹಾರಲಿಲ್ಲ. ಹೊಟ್ಟೆ ಎಳೆದುಕೊಂಡಂತೆ ಮೇಜಿನತ್ತ ಬಾಗಿತು.

ಕೆನ್ನೆ ಕೆಂಪಾಗುವಂತೆ ಊದಿದಳು. ಹಾಳೆ ಇನ್ನೂ ಕೆಳಗೆ ಕೂತಿತು.

ಉಸಿರು ಸಾಲದೆ ನಿಲ್ಲಿಸಿದಳು. ಹಾಳೆ ತಟ್ಟನೆ ಮೇಲೆದ್ದಿತು.

“ನನ್ನ ಜೊತೆ ಇದಕ್ಕೇನು ಹಠ?” ಎಂದಳು ಮುಕ್ತಾ.

“ಬಾ, ಕಾರಿನ ಹಿಂದೆ ಬಗ್ಗಿ ನೋಡು.”

ಅವಳು ಬಗ್ಗಿದಳು. ಸೈಲೆನ್ಸರ್ ಪೈಪಿನ ಬಾಯಿ ಕಾರಿನ ತಳದಡಿಗೆ ತೆರೆದುಕೊಂಡಿತ್ತು.

“ಇಲ್ಲಿ ಊದುವವರು ಯಾರು?”

“ಎಂಜಿನ್ನು.” ಅವಳು ಮತ್ತೆ ತಳದಡಿ ಇಣುಕಿದಳು. “ಹೊಗೆ ತಳದಡಿ ರಭಸದಿಂದ ಹಾಯ್ದರೆ ಕಾರು ಆ ಹಾಳೆಯಂತೆ ನೆಲಕ್ಕೆ ಒತ್ತಿಕೊಳ್ಳುತ್ತೆ. ಆಗ ಟೈರು ನೆಲ ಹಿಡಿಯುತ್ತೆ. ನಾನು ಕಾಲೆತ್ತಿದರೆ…”

“ಹೊಗೆಯ ರಭಸ ಇಳಿಯುತ್ತೆ.”

“ಅಯ್ಯೋ, ಹಿಡಿತ ಬೇಕಾದ ಹೊತ್ತಿಗೇ ನಾನು ಅದನ್ನು ಬಿಟ್ಟುಕೊಟ್ಟೆ! ಹಾಗಾದರೆ ಎಲ್ಲ ಕಡೆ ಒತ್ತಿಬಿಡಲೇ?”

“ಅಷ್ಟು ಧಾರಾಳ ಬೇಡ ತಾಯಿ. ಬ್ರೇಕು ತಿರುವಿಗೆ ಮುಂಚೆ. ಒಳಗೆ ಹೋದ ಮೇಲೆ ಅನುಮಾನ ಬೇಡ.”

ಮುಕ್ತಾ ಹೊರಟಳು.

ತಿರುವಿನ ನಡುವೆ ಕಾರಿನ ಬಾಲ ಅಲುಗಿತು. ಕಾಲು ಮೇಲೇಳಲು ತವಕಿಸಿತು. ಅವಳು ಹಲ್ಲು ಕಚ್ಚಿ ಒತ್ತಿ ಹಿಡಿದಳು. ಎಂಜಿನ್ನು ಗರ್ಜಿಸಿತು, ಕಾರು, ಯಾರೋ ಮೇಲಿನಿಂದ ಅದುಮಿದಂತೆ, ನೆಲಕ್ಕೆ ಕೂತು ತಿರುವನ್ನು ದಾಟಿತು.

ಮರಳಿ ಬಂದು ಹೆಲ್ಮೆಟ್ ತೆಗೆದಾಗ ಅವಳು ನಗುತ್ತಿದ್ದಳು.

“ದಾಟಿದೆ ಗುರುಗಳೇ! ಆದರೆ ಭಯ ಹೋಗಲೇ ಇಲ್ಲ. ನಾಳೆ ಅದನ್ನೇನು ಮಾಡಲಿ?”

ಮಾಚಯ್ಯ ನಾಳೆಯ ಪಂದ್ಯದ ಅಂಗಿಯನ್ನು ಅವಳ ಕೈಗಿಟ್ಟರು.

“ಜೊತೆಗೇ ಕರೆದುಕೊಂಡು ಹೋಗು. ಕಾಲಿಗೆ ಮಾತ್ರ ಹೇಳಬೇಡ.”