ದೀಪ ಕೇಳಿದವನ ತಮ್ಮ

“ಕರಿಗುಡ್ಡದ ಜನರೆಲ್ಲ ಕೇಳಿ. ಅರಮನೆಯ ಹಗೇವುಗಳ ಅಧಿಕಾರಿಯ ಹುದ್ದೆ ಖಾಲಿಯಿದೆ. ಇನ್ನು ಮೇಲೆ ಅದಕ್ಕೆ ವಿದ್ಯಾಮಠದ ತಾಮ್ರಮುದ್ರೆ ಬೇಕಿಲ್ಲ. ಕುಲ ಕೇಳುವುದಿಲ್ಲ, ಓದು ಕೇಳುವುದಿಲ್ಲ. ದೊರೆಗಳು ಮೂರು ಒಗಟು ಹೇಳುತ್ತಾರೆ. ಬಿಡಿಸಿದವರಿಗೆ ಹುದ್ದೆ. ತಪ್ಪಿದವರು ಅಂಗಳದ ನಡುವಿನ ಹಗೇವಿಗೆ ಇಳಿಯಬೇಕು.”

ಡಂಗುರದವನು ಕೊನೆಯ ಮಾತನ್ನು ಮೆಲ್ಲಗೆ ಹೇಳಿದ. ಆದರೂ ಎಲ್ಲರಿಗೂ ಕೇಳಿಸಿತು.

ಹಗೇವು ಎಂದರೆ ನೆಲದೊಳಗೆ ತೋಡಿದ ಜೋಳದ ಕಣಜ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಒಳಗೆ ಒಂದು ಕೋಣೆಯಷ್ಟು ಜಾಗ. ಹೋದ ವರ್ಷ ಆ ನಡುವಿನ ಹಗೇವಿಗೆ ಇಳಿದವರು ಇಬ್ಬರು. ಮೊದಲು ಭರಮನೆಂಬ ಆಳು ಇಳಿದ. ಅವನು ಕುಸಿದದ್ದನ್ನು ಕಂಡು ಎತ್ತಲೆಂದು ದೊರೆಯ ಒಬ್ಬನೇ ಮಗ ಇಳಿದ. ಇಬ್ಬರೂ ಹೆಣವಾಗಿ ಮೇಲೆ ಬಂದರು. ಮೈಮೇಲೆ ಒಂದು ಗೀರೂ ಇರಲಿಲ್ಲ. ಅಧಿಕಾರಿ ಅಂದೇ ಊರು ಬಿಟ್ಟು ಓಡಿದ, ಹಗೇವಿನ ಬಾಯಿಗೆ ಮತ್ತೆ ಕಲ್ಲು ಮುಚ್ಚಿದರು. ದುಃಖ ಕೆಲವರನ್ನು ಮೆತ್ತಗೆ ಮಾಡುತ್ತದೆ. ದೊರೆ ಕಂಚರಸನನ್ನು ಅದು ಕಲ್ಲು ಮಾಡಿತು.

ಲಗಮ ಆ ಭರಮನ ತಮ್ಮ. ಹಗೇವು ತೋಡುವುದು, ತುಂಬುವುದು, ತೆಗೆಯುವುದು ಅವರ ಓಣಿಯವರ ಕೆಲಸ. ಯಾರು ಯಾವಾಗ ಇಳಿಯಬೇಕೆಂದು ಹೇಳುವುದು ಮಾತ್ರ ಮುದ್ರೆ ಪಡೆದ ಅಧಿಕಾರಿಯ ಕೆಲಸ. ಆ ಹುದ್ದೆ ತನಗೆ ಸಿಕ್ಕರೆ ಓಣಿಯವರು ಯಾರೂ ಹಾಗೆ ಸಾಯಬೇಕಾಗಿಲ್ಲ ಎಂದು ಲಗಮ ಲೆಕ್ಕ ಹಾಕಿದ. ತಾಯಿ ಬೇಡವೆಂದು ಅತ್ತಳು. ಅವಳಿಗೆ ಉಳಿದವನು ಅವನೊಬ್ಬನೇ. ಅವನು ಹೋದ.

ಚಾವಡಿಯೊಳಗೆ ಒಬ್ಬೊಬ್ಬರನ್ನೇ ಕರೆದರು. ಮೊದಲು ಹೋದವನು ಬೊಪ್ಪನೆಂಬ ಕುದುರೆ ಸವಾರ. ದೊರೆ ಕೇಳಿದ: “ತುಂಬಿದಾಗ ಕಾಣುವುದಿಲ್ಲ, ಜನ ಅದರ ಮೇಲೆಯೇ ನಡೆದಾಡುತ್ತಾರೆ. ಬರಿದಾಗುವಾಗ ಬಾಯಿ ಬಿಡುತ್ತದೆ. ಏನದು?”

ಬೊಪ್ಪ ಗೋರಿ ಎಂದ. ಹತ್ತಿರ ಬಂದೆ, ಆದರೆ ಅಲ್ಲ ಎಂದು ದೊರೆ ಅವನ ಕೈ ಕಟ್ಟಿಸಿದ.

ಆಮೇಲೆ ನಾಗದೇವ ಪಂಡಿತ. ಓದಿದವನು, ದಡ್ಡನಲ್ಲ. ಮೊದಲನೆಯದನ್ನು ನಿಂತಲ್ಲೇ ಬಿಡಿಸಿದ. ಮಣ್ಣಲ್ಲಿ ಹೂತರೂ ಸಾಯದೆ, ಮೂಗಿಲ್ಲದೆ ಉಸಿರಾಡುತ್ತ, ಕತ್ತಲಲ್ಲಿ ಬೆಚ್ಚಗಿರುವುದು ಯಾವುದು ಎಂಬ ಎರಡನೆಯದಕ್ಕೂ ಸ್ವಲ್ಪ ತಡವರಿಸಿ ಸರಿಯಾದ ಉತ್ತರವನ್ನೇ ಕೊಟ್ಟ. ಆಗ ದೊರೆಯ ದನಿ ತಗ್ಗಿತು.

“ಬಣ್ಣವಿಲ್ಲ, ಕೈಯಿಲ್ಲ, ಆಯುಧವಿಲ್ಲ. ಕೆಳಗೆ ಕಾದು ಕೂತು, ಬಂದವರನ್ನು ಮುಟ್ಟದೆ ಕೊಲ್ಲುತ್ತದೆ. ಅದನ್ನು ಕಣ್ಣಿಗೆ ಕಾಣಿಸುವುದು ಹೇಗೆ?”

ಪಿಶಾಚಿ, ಮಂಡಲ ಬರೆದರೆ ಕಾಣಿಸಿಕೊಳ್ಳುತ್ತದೆ ಎಂದ ಪಂಡಿತ. ಬರೆದೂ ತೋರಿಸಿದ. ಸಂಜೆಯಾಗುತ್ತ ಬಂದರೂ ಏನೂ ಕಾಣಲಿಲ್ಲ. ಅವನ ಕೈಯನ್ನೂ ಕಟ್ಟಿದರು.

ಆಮೇಲೆ ಲಗಮ ಒಳಗೆ ಹೋದ. ಮೊದಲ ಒಗಟಿಗೆ ಹಗೇವು ಎಂದ: ತುಂಬಿದ ಮೇಲೆ ಬಾಯಿ ಮುಚ್ಚಿ ಮಣ್ಣು ಸಮ ಮಾಡುತ್ತಾರೆ, ಮೇಲೆ ಮಂದಿ ಓಡಾಡುತ್ತಾರೆ, ಕಾಳು ತೆಗೆಯುವಾಗಲೇ ಅದು ಬಾಯಿ ಬಿಡುವುದು. ಎರಡನೆಯದಕ್ಕೆ ಅದರೊಳಗಿನ ಜೋಳ ಎಂದ: ಕಾಳಿಗೆ ಜೀವವಿದೆ, ಕೈ ಹಾಕಿದರೆ ಬೆಚ್ಚಗಿರುತ್ತದೆ. ಮೂರನೆಯದನ್ನು ಕೇಳಿ ಹೊರಗೆ ಅಂಗಳದ ಹಗೇವಿನ ಕಡೆ ತಿರುಗಿ ನೋಡಿದ.

“ಇದಕ್ಕೆ ಉತ್ತರ ನನಗೂ ಗೊತ್ತಿಲ್ಲ” ಎಂದ ದೊರೆ. “ಅದಕ್ಕೇ ಕೇಳುತ್ತಿದ್ದೇನೆ.”

“ಬಾಯಿಲೆ ಹೇಳೂದಲ್ರಿ ದೊರಿ, ತೋರಸ್ತೇನಿ. ಒಂದ್ ಹಣತಿ, ಒಂದ್ ಹಗ್ಗ ಕೊಡಸ್ರಿ.”

ಅಂಗಳದಲ್ಲಿ ಇನ್ನೂ ಬೆಳಕಿತ್ತು. ಹಗೇವಿನ ಕಲ್ಲು ಸರಿಸಿದರು. ಲಗಮ ಹಚ್ಚಿದ ಹಣತೆಯನ್ನು ಬುಟ್ಟಿಯಲ್ಲಿಟ್ಟು ಮೆಲ್ಲಗೆ ಕೆಳಗೆ ಬಿಟ್ಟ. ಆಳೆತ್ತರ ಇಳಿಯುವಷ್ಟರಲ್ಲಿ ಉರಿ ಸಣ್ಣದಾಗಿ ನಂದಿತು. ಗಾಳಿ ಬೀಸಿರಲಿಲ್ಲ. ಎಳೆದು, ಹಚ್ಚಿ, ಮತ್ತೆ ಬಿಟ್ಟ. ಅದೇ ಜಾಗದಲ್ಲಿ ನಂದಿತು.

“ಜ್ವಾಳ ಉಸಿರಾಡಿ ಬಿಟ್ಟ ಗಾಳಿ ರೀ ಅದು. ಬಾಯಿ ಮುಚ್ಚಿದ್ದಕ್ಕ ಒಳಗ ನಿಂತೈತಿ. ದೀಪ ಎಲ್ಲಿ ಸಾಯ್ತೈತೋ ಮನಶ್ಯಾನೂ ಅಲ್ಲೇ ಸಾಯ್ತಾನ.”

ದೊರೆ ಹಗೇವಿನ ಬಾಯಿಯ ಮೇಲೆ ಬಗ್ಗಿದ. “ದೀಪ ಇಳಿಸಿದ್ದರೆ ನನ್ನ ಮಗ ಬದುಕುತ್ತಿದ್ದನೆ?”

“ಇಬ್ಬರೂ ಬದುಕ್ತಿದ್ರು.”

“ಇದು ನಿಮ್ಮ ಓಣಿಯಲ್ಲಿ ಯಾರಿಗೆಲ್ಲ ಗೊತ್ತು?”

“ಎಲ್ಲಾರಿಗೂ ಗೊತ್ರಿ. ಅವತ್ತ ನಮ್ಮಣ್ಣ ದೀಪ ಕೇಳಿದ್ದ. ಹಗಲ ಹೊತ್ತಿನ್ಯಾಗ ನಿನಗ್ಯಾಕೋ ದೀಪ ಅಂತ ಅಧಿಕಾರಿ ನಕ್ಕರು. ಮುದ್ರಿ ಇಲ್ಲದವ ಈ ಅಂಗಳದಾಗ ಎರಡನೇ ಮಾತ ಆಡಬಾರದು ಅಂತ ಕಟ್ಟಳಿ ಇತ್ತಲ್ರಿ. ಅವ ಇಳದ.”

ಆ ಕಟ್ಟಳೆ ಯಾರದೆಂದು ದೊರೆ ಕೇಳಲಿಲ್ಲ. ಅದು ಅವನದೇ.

ಬೆಳ್ಳಿ ಕಟ್ಟಿನ ಕೋಲನ್ನೂ ಹಗೇವುಗಳ ಅಧಿಕಾರವನ್ನೂ ಅಲ್ಲಿಯೇ ಲಗಮನಿಗೆ ಒಪ್ಪಿಸಿದರು. ತಪ್ಪಿದ ಇಬ್ಬರನ್ನು ಈಗ ಇಳಿಸುವುದೇ ಎಂದು ಕಾವಲುಗಾರ ಹೊಸ ಅಧಿಕಾರಿಯನ್ನು ಕೇಳಿದ. ತಳದಲ್ಲಿ ದೀಪ ಉರಿಯುವವರೆಗೆ ಯಾರೂ ಇಳಿಯುವುದಿಲ್ಲ, ಅವರ ಕಟ್ಟು ಬಿಚ್ಚಿ ಮನೆಗೆ ಕಳಿಸಿ ಎಂದ ಲಗಮ. ಅದು ಅವನ ಮೊದಲ ಅಪ್ಪಣೆ. ದೊರೆ ಬೇಡವೆನ್ನಲಿಲ್ಲ. ಬೊಪ್ಪ ಅಲ್ಲಿಯೇ ಕೂತು ಅತ್ತ.

ಜನ ಕರಗಿದ ಮೇಲೆ ಕಂಚರಸ ಹಗೇವಿನ ಬಾಯಿಯ ಹತ್ತಿರ ನೆಲದ ಮೇಲೆ ಕೂತ. ತಾನೇ ಹಣತೆ ಹಚ್ಚಿ ಇಳಿಸಿದ. ನಂದಿತು. ಎಳೆದು ಮತ್ತೆ ಹಚ್ಚಿದ, ಮತ್ತೆ ಇಳಿಸಿದ. ಇನ್ನು ಸಾಕೆಂದು ಹೇಳುವ ಅಧಿಕಾರ ಈಗ ಲಗಮನಿಗಿತ್ತು. ಮನೆಯಲ್ಲಿ ತಾಯಿ ಮಗ ಸತ್ತನೋ ಉಳಿದನೋ ಎಂದು ಕಾಯುತ್ತಿದ್ದಳು. ಅವನು ಬೊಪ್ಪನ ಕೈಯಲ್ಲಿ ಅವಳಿಗೆ ಹೇಳಿ ಕಳಿಸಿ, ದೊರೆಯ ಪಕ್ಕ ಕೂತು ಹಣತೆಗೆ ಎಣ್ಣೆ ಹಾಕುತ್ತ ಹೋದ.