ಮಜ್ಜಿಗೆ ಕುಡಿದ ಜಗಲಿ

"ಗುರುಗಳೇ, ಆಡಿದ ಮಾತೆಲ್ಲ ನಿಜವಾಗಿದ್ದರೂ ಒಬ್ಬ ಸುಳ್ಳುಗಾರನಾಗುವುದು ಹೇಗೆ?" ಎಂದು ಶಿಷ್ಯ ಮರುಳಯ್ಯ ಕೇಳಿದ. ಅವನಿಗೆ ನೋವಾಗಿತ್ತು. ಮಠದ ಅಡುಗೆಯ ಕೊಟ್ರಪ್ಪ ಅಂದು ಬೆಳಿಗ್ಗೆ ಅವನ ಮುಖಕ್ಕೇ "ಸುಳ್ಳು ಹೇಳಿದಿರಿ ಅಯ್ಯನವರೇ" ಎಂದಿದ್ದ.

"ನೀನು ಏನು ಹೇಳಿದ್ದೆ?"

"ಕಂಡದ್ದನ್ನು ಹೇಳಿದೆ. ನಾನು ಜ್ವರ ಬಂದು ಮಲಗಿದ್ದ ದಿನ ಮಧ್ಯಾಹ್ನ ಅವನು ಅಡುಗೆಮನೆಯ ಬಾಗಿಲು ತೆರೆದಿಟ್ಟು ಹೊರಗೆ ಬಂದ. ಕಿಟಕಿಯಿಂದ ನೋಡಿದೆ. ಸಂಜೆಗೆ ತುಪ್ಪದ ಭರಣಿ ಬರಿದಾಗಿತ್ತು. ಈ ಎರಡನ್ನೇ ಹಿರಿಯರ ಮುಂದೆ ಹೇಳಿದೆ. ಬೇಕೆಂದೇ ಬಾಗಿಲು ತೆರೆದಿಟ್ಟು ಕಳ್ಳರಿಗೆ ದಾರಿ ಮಾಡಿಕೊಟ್ಟನೆಂದು ಅವರು ತೀರ್ಮಾನಿಸಿದರು. ನಾಳೆ ಬೆಳಿಗ್ಗೆ ಹೊರಡು ಎಂದಿದ್ದಾರೆ. ಉಂಡ ಮನೆಗೆ ಎರಡು ಬಗೆಯಬಾರದೆಂದು ನಾನು ಮಠಕ್ಕೆ ನಿಜ ನುಡಿದೆ, ಅಷ್ಟೆ."

"ಭೇಷ್," ಎಂದರು ಗುರುಗಳು. "ಬಾಯಿ ದಣಿದಿರಬೇಕು. ಈಗ ಸ್ವಲ್ಪ ಕಿವಿಗೆ ಕೆಲಸ ಕೊಡು."

ಒಂದು ಊರಿನಲ್ಲಿ ಒಬ್ಬ ಫೋಟೋದವನಿದ್ದ. ಒಂದೇ ಫೋಟೋದಲ್ಲಿ ಹಿಡಿಸದ ಉದ್ದನೆಯ ನೋಟವನ್ನು ಹಲವು ಫೋಟೋಗಳಲ್ಲಿ ತೆಗೆದು, ಅವನ್ನು ಒಂದರ ಪಕ್ಕ ಒಂದು ಅಂಟಿಸಿ, ಒಂದೇ ಚಿತ್ರ ಮಾಡುವುದರಲ್ಲಿ ಅವನದು ಎತ್ತಿದ ಕೈ. ಎಲ್ಲಿ ಅಂಟಿಸಿದ್ದಾನೆ ಎಂದು ಭೂತಗನ್ನಡಿ ಹಿಡಿದರೂ ತಿಳಿಯುತ್ತಿರಲಿಲ್ಲ. ಅದರ ಹೆಮ್ಮೆಯೂ ಅವನಿಗೆ ಸಾಕಷ್ಟಿತ್ತು, ನಿನ್ನ ಹಾಗೆ.

ಹತ್ತಿರದ ಹಳ್ಳಿಯೊಂದು ಅಣೆಕಟ್ಟಿನ ನೀರಿನಲ್ಲಿ ಮುಳುಗುವುದಿತ್ತು. ಅಲ್ಲಿನ ಒಂದು ಕೇರಿಯ ಚಿತ್ರ ಮಾಡಿ ತಾ, ಚಿತ್ರದಲ್ಲಿ ಬಾಗಿಲಿದ್ದವರಿಗೆಲ್ಲ ಹೊಸ ಊರಿನಲ್ಲಿ ಮನೆ ಕೊಡಬೇಕು ಎಂದು ಅಧಿಕಾರಿ ಅವನನ್ನು ಕಳಿಸಿದ. ಕೇರಿಯ ಮನೆಗಳು ಒಂದಕ್ಕೊಂದು ತಾಗಿದ ಸಾಲು. ಅವನು ಮನೆಯಿಂದ ಮನೆಗೆ ಸರಿಯುತ್ತ ಫೋಟೋ ತೆಗೆದ. ಒಂದು ಫೋಟೋದ ಕೊನೆಯಲ್ಲಿ ಮುಂದಿನ ಮನೆಯ ಜಗಲಿಕಂಬ ಬರಬೇಕು. ಮುಂದಿನ ಫೋಟೋ ಅದೇ ಕಂಬದಿಂದ ಶುರುವಾಗಬೇಕು. ಆಮೇಲೆ ಕಂಬದ ಮೇಲೆ ಕಂಬ ಕೂರಿಸಿ ಅಂಟಿಸಿದರೆ ಆಯಿತು. ಆ ಕಸುಬಿನ ಗುಟ್ಟೇ ಇಷ್ಟು.

ಅರ್ಧ ಕೇರಿ ಮುಗಿಯುವಾಗ ಬಿಸಿಲು ನೆತ್ತಿಗೇರಿತು. ಒಬ್ಬ ಹೆಂಗಸು "ಬಾರಣ್ಣಾ, ದಣಿದಿದ್ದೀಯ" ಎಂದು ಕರೆದು ತನ್ನ ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟಳು. ಅವನು ಎರಡು ಲೋಟ ಕುಡಿದ. ಎದ್ದು ಪಕ್ಕದ ಮನೆಯಿಂದ ಕೆಲಸ ಮುಂದುವರಿಸಿದ. ಕೂತೆದ್ದ ಮನೆಯ ಫೋಟೋ ಆಗಿದೆ ಎಂದೇ ಅವನ ಎಣಿಕೆ.

ಅಂಗಡಿಗೆ ಬಂದು ಅಂಟಿಸಲು ಕೂತ. ಆ ಕೇರಿಯ ಕಂಬಗಳನ್ನೆಲ್ಲ ಒಬ್ಬನೇ ಬಡಗಿ ಮಾಡಿದ್ದ. ಗೋಡೆಗಳಿಗೆಲ್ಲ ಒಂದೇ ನೀಲಿ ಸುಣ್ಣ. ಮಜ್ಜಿಗೆಗೆ ಮುಂಚಿನ ಫೋಟೋದ ಕೊನೆಯಲ್ಲಿದ್ದ ಹೆಂಗಸಿನ ಮನೆಯ ಕಂಬದ ಮೇಲೆ ಅವಳ ನೆರೆಮನೆಯ ಕಂಬ ಸರಿಯಾಗಿ ಕೂತಿತು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಅವನು ನೋಡಲಿಲ್ಲ. ಚಿತ್ರ ಒಪ್ಪಿಸಿ ಬಂದ.

ಹಳ್ಳಿ ಮುಳುಗಿತು. ಹೊಸ ಊರಿನಲ್ಲಿ ಕೇರಿಯವರಿಗೆಲ್ಲ ಮನೆ ಸಿಕ್ಕಿತು. ಆ ಹೆಂಗಸಿಗೆ ಮಾತ್ರ ಅಧಿಕಾರಿ, "ಚಿತ್ರದಲ್ಲಿ ನಿಮ್ಮ ಬಾಗಿಲೇ ಇಲ್ಲವಲ್ಲಮ್ಮ" ಎಂದ. ಅವಳು ತನ್ನ ಎಮ್ಮೆಯೊಂದಿಗೆ ಒಂದು ಹುಣಸೆಮರದ ಕೆಳಗೆ ಉಳಿದಳು. ಕೆಲವು ದಿನ ನೋಡಿ, ಫೋಟೋದವನ ಅಂಗಡಿಯನ್ನು ಹುಡುಕಿಕೊಂಡು ಹೋದಳು. ಆ ಚಿತ್ರದ್ದೇ ಒಂದು ಪ್ರತಿಯನ್ನು ಅವನು ಗೋಡೆಗೆ ತೂಗುಹಾಕಿದ್ದ.

"ನಾನು ಯಾವ ಫೋಟೋವನ್ನೂ ತಿದ್ದಿಲ್ಲ ತಾಯಿ," ಎಂದ ಅವನು. "ಒಂದೊಂದೂ ನಿಜ."

"ನಿಜವೇ ಇರಲಿ ಅಣ್ಣಾ. ನೀನು ಮಜ್ಜಿಗೆ ಕುಡಿದ ಜಗಲಿ ಎಲ್ಲಿದೆ, ಬೆರಳಿಟ್ಟು ತೋರಿಸು."

ಅವನು ಬೆರಳಿಟ್ಟ. ಈ ತುದಿಯಿಂದ ಆ ತುದಿಯವರೆಗೆ ಎಳೆದ. ಮತ್ತೆ ಆ ತುದಿಯಿಂದ ಈಚೆಗೆ ಬಂದ. ನಡುವಿನ ಒಂದು ಕಂಬದ ಮೇಲೆ ಬೆರಳು ನಿಂತಿತು. ಮತ್ತೊಮ್ಮೆ ಹೋಗಿ ತೆಗೆದು ತರೋಣವೆಂದರೆ ಕೇರಿಯ ಮೇಲೆ ಎರಡಾಳು ನೀರು ನಿಂತಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಕೊಟ್ರಪ್ಪ ತನ್ನ ಪೆಟ್ಟಿಗೆ ಎಳೆಯುತ್ತಿದ್ದ ಸದ್ದು ಕೇಳುತ್ತಿತ್ತು.

"ಪಾಪ, ಆ ಹೆಂಗಸು," ಎಂದ ಮರುಳಯ್ಯ. "ಆದರೆ ಗುರುಗಳೇ, ನನ್ನ ಮಾತಿನಲ್ಲಿ ಯಾವ ಮನೆಯೂ ಬಿಟ್ಟುಹೋಗಿಲ್ಲ. ಬಾಗಿಲು ತೆರೆದಿತ್ತು, ಭರಣಿ ಬರಿದಾಯಿತು. ಇವೆರಡರ ನಡುವೆ ಹೇಳುವಂಥದ್ದು ಏನಿತ್ತು?"

"ಎರಡೂ ಕೈಯಲ್ಲಿ ನಿನ್ನ ಬಿಸಿ ಗಂಜಿ ಹಿಡಿದು ಬಂದವನು ಯಾವ ಕೈಯಿಂದ ಬಾಗಿಲು ಹಾಕಬೇಕಿತ್ತು, ಮರುಳಯ್ಯ?" ಎಂದರು ಗುರುಗಳು.